ಶುಕ್ರವಾರದವರೆಗೆ ತಡೆಯಿರಿ ಎಂದಿದ್ದರು

ಅಕ್ಕ ಕೊಂಡ ಮನೆಯಲ್ಲಿ ನಾನು ಈಗಲೂ ಇದ್ದೇನೆ. ಹುಮನಾಬಾದಿನ ಹೊರಗೆ, ಕಲ್ಯಾಣದ ರಸ್ತೆಯ ಕಡೆಗೆ, ಬೇವಿನ ಮರಗಳ ನಡುವೆ ಇಪ್ಪತ್ತು ಇಪ್ಪತ್ತೈದು ಮನೆಗಳ ಒಂದು ಓಣಿ. ಆ ಮನೆ ಅವಳಿಗೆ ಸಿಕ್ಕದ್ದು ಅವಳ ದುಡಿಮೆಯಿಂದ, ಮತ್ತು ನನ್ನ ಒಂದು ಸುಳ್ಳಿನಿಂದ. ದುಡಿಮೆಯ ಮಾತು ಎಲ್ಲರಿಗೂ ಗೊತ್ತು. ಸುಳ್ಳಿನ ಮಾತು ಅವಳಿಗೇ ಹನ್ನೆರಡು ವರ್ಷ ಗೊತ್ತಿರಲಿಲ್ಲ. ಅದನ್ನು ಬರೆಯಲು ಕೂತಿದ್ದೇನೆ. ನಾನು ಹೆಚ್ಚು ಓದಿದವನಲ್ಲ. ಬರಹದಲ್ಲಿ ತಪ್ಪುಗಳಿದ್ದರೆ ಅವು ನನ್ನವು, ಅಕ್ಷರ ಕಲಿಸಿದ ಅಕ್ಕನವಲ್ಲ.

ನಾವು ಹುಟ್ಟಿದ್ದು ಕಲ್ಯಾಣದಲ್ಲಿ. ಕೋಟೆಯ ಕೆಳಗಿನ ಉರ್ದು ಶಾಲೆಯಲ್ಲಿ ನಾನು ಮೂರನೆಯ ಇಯತ್ತೆಯವರೆಗೆ ಓದಿದೆ. ಐವತ್ತಾರರಲ್ಲಿ ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಕನ್ನಡದ ಪುಸ್ತಕಗಳು ಬಂದವು. ಕನ್ನಡ ಬರೆಯಲು ಬಾರದವರೆಲ್ಲ ಮತ್ತೆ ಮೊದಲಿನಿಂದ ಕೂಡಬೇಕಾಯಿತು. ನನಗೆ ಆಗ ಹತ್ತು ವರ್ಷ. ಮೂಗು ಸುರಿಸುವ ಮಕ್ಕಳ ಜೊತೆ ನೆಲದ ಮೇಲೆ ಕೂಡಲು ನಾಚಿಕೆಯಾಗಿ ಒಂದೇ ತಿಂಗಳಲ್ಲಿ ಬಿಟ್ಟೆ. ಅಕ್ಕನಿಗೆ ಹದಿನಾಲ್ಕು. ಅವಳು ಅದೇ ಮಕ್ಕಳ ಸಾಲಿನಲ್ಲಿ, ಎಲ್ಲರಿಗಿಂತ ಎರಡು ಗೇಣು ಎತ್ತರವಾಗಿ ಕೂತು ಅ ಆ ತಿದ್ದಿದಳು. ಓಣಿಯವರು ನಕ್ಕರು. ಅವಳೂ ಅವರ ಜೊತೆ ನಕ್ಕಳು, ಆದರೆ ಎದ್ದು ಬರಲಿಲ್ಲ. ಒಂದು ವರ್ಷದಲ್ಲಿ ನಾಲ್ಕು ವರ್ಷದ ಪುಸ್ತಕ ಮುಗಿಸಿದಳು. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿ, ಟ್ರೇನಿಂಗ್ ಮುಗಿಸಿ ಕನ್ಯಾ ಶಾಲೆಯಲ್ಲಿ ಕಲಿಸಲು ನಿಂತಳು. ಇಡೀ ಊರಿಗೆ ಅಕ್ಕೋರಾದಳು. ಸಂಜೆ ಅಂಗಳದ ಮಣ್ಣಿನಲ್ಲಿ ಕಡ್ಡಿಯಿಂದ ಬರೆದು ನನಗೂ ಕಲಿಸಿದಳು.

ಮದುವೆಯಾದ ಎರಡನೆಯ ವರ್ಷಕ್ಕೆ ಅವಳ ಗಂಡ ಜ್ವರದಿಂದ ತೀರಿಕೊಂಡ. ಅವಳು ತವರಿಗೆ ಬಂದಳು. ಆಮೇಲೆ ಅವ್ವನೂ ಹೋದಳು. ಏಳು ಸಂಸಾರಗಳಿದ್ದ ಹಳೆಯ ವಾಡೆಯ ಒಂದು ಮೂಲೆಯಲ್ಲಿ ನಾವಿಬ್ಬರೇ ಬಾಡಿಗೆಗೆ ಉಳಿದೆವು. ಆ ವಾಡೆಯಲ್ಲಿ ಗದ್ದಲ ನಿಂತ ಗಳಿಗೆ ನನಗೆ ನೆನಪಿಲ್ಲ. ಒಬ್ಬರ ರೇಡಿಯೋ, ಇನ್ನೊಬ್ಬರ ಕೂಸು, ನೀರಿನ ಜಗಳ. ಒಮ್ಮೆ ಅಕ್ಕ ಪರೀಕ್ಷೆಯ ಪೇಪರುಗಳನ್ನು ಪಡಸಾಲೆಯಲ್ಲಿಟ್ಟು ನೀರಿಗೆ ಹೋಗಿ ಬರುವಷ್ಟರಲ್ಲಿ ಪಕ್ಕದವರ ಆಡು ಹನ್ನೊಂದು ಹುಡುಗಿಯರ ಉತ್ತರಗಳನ್ನು ತಿಂದುಬಿಟ್ಟಿತ್ತು. ಅಕ್ಕ ಆ ಹನ್ನೊಂದು ಮಂದಿಯನ್ನು ಕರೆದು ಮತ್ತೆ ಬಾಯಿಂದ ಪರೀಕ್ಷೆ ತೆಗೆದುಕೊಂಡಳು. ಅಂದು ಊಟಕ್ಕೆ ಕೂತಾಗ ಹೇಳಿದಳು: “ತಮ್ಮಾ, ನನಗ ದೊಡ್ಡ ಮನಿ ಬ್ಯಾಡ. ಸುಮ್ಮಕ ಇರೂ ಮನಿ ಒಂದು ಬೇಕು ನೋಡು.”

ಅವಳಿಗೆ ಹುಮನಾಬಾದಿಗೆ ವರ್ಗವಾಯಿತು. ನನಗೂ ಅಲ್ಲಿಯ ಕಾಳಿನ ಬಜಾರಿನಲ್ಲಿ, ರೈತರ ಕಾಳು ಮಾರಿಕೊಡುವ ಒಂದು ಅಡತಿ ಅಂಗಡಿಯಲ್ಲಿ ಕೆಲಸ ಸಿಕ್ಕಿತು. ತೊಗರಿ ತೂಗಿದ ಚೀಲಗಳ ಬಾಯಿಯನ್ನು ದಬ್ಬಣ, ಸುತಳಿಯಿಂದ ಹೊಲಿಯುವ ಕೆಲಸ. ಆರು ತಿಂಗಳು ಇಬ್ಬರೂ ದಿನಾ ಬಸ್ಸಿನಲ್ಲಿ ಓಡಾಡಿದೆವು. ಆಗ ಈ ಮನೆ ಮಾರಾಟಕ್ಕಿದೆ ಎಂದು ಶಾಲೆಯಲ್ಲಿ ಯಾರೋ ಅಕ್ಕನಿಗೆ ಹೇಳಿದರು.

ನೋಡಲು ಹೋದದ್ದು ಒಂದು ಮಧ್ಯಾಹ್ನ. ಕರಿಕಲ್ಲಿನ ಗೋಡೆ, ಶಹಾಬಾದ್ ಫರಸಿಯ ನೆಲ, ಎರಡು ಕೋಣೆ, ಒಂದು ಅಡುಗೆಮನೆ, ಹಿಂದೆ ಬಾವಿ. ಬಾವಿಯ ನಟ್ಟ ನಡುವೆ ಗೋಡೆ ಹಾದುಹೋಗಿತ್ತು. ಅರ್ಧ ಈ ಮನೆಗೆ, ಅರ್ಧ ಪಕ್ಕದ ಮನೆಗೆ. ಅಕ್ಕ ಮಾಡು ನೋಡಲಿಲ್ಲ, ಬಾಗಿಲು ತಟ್ಟಿ ನೋಡಲಿಲ್ಲ. ಖಾಲಿ ಕೋಣೆಯ ನಡುವೆ ಫರಸಿಯ ಮೇಲೆ ಕೂತು ಕಣ್ಣು ಮುಚ್ಚಿದಳು. ಮನೆಯ ಮಾಲಕ, ಸರಕಾರಿ ಕಚೇರಿಯ ಗುಮಾಸ್ತ, ಗಾಬರಿಯಾದ.

“ಅಕ್ಕೋರೆ, ಚಕ್ಕರ್ ಬಂತೇನ್ರಿ? ನೀರ ತರ್ಲೇನು?”

“ಬ್ಯಾಡ್ರಿ. ಏನೂ ಕೇಳಿಸವಲ್ದು. ಅದನ್ನ ಕೇಳಾಕತ್ತೇನಿ.”

ಪೂರ್ತಿ ಸದ್ದಿಲ್ಲದೆ ಇರಲಿಲ್ಲ. ಗೋಡೆಯಾಚೆಯಿಂದ ಹೊಲಿಗೆ ಯಂತ್ರದ ಸಪ್ಪಳ ಸಣ್ಣಗೆ ಬರುತ್ತಿತ್ತು. ಪಕ್ಕದ ಮನೆ ಒಬ್ಬ ದರ್ಜಿಯವರದು. ಸುತ್ತಲಿನ ಹಳ್ಳಿಗಳಿಂದಲೂ ಜನ ಮದುವೆಯ ಶೇರವಾನಿ ಹೊಲಿಸಲು ಅವರನ್ನೇ ಹುಡುಕಿಕೊಂಡು ಬರುತ್ತಿದ್ದರು. ಎಲ್ಲರೂ ಅವರನ್ನು ಚಾಚಾ ಎನ್ನುತ್ತಿದ್ದರು, ಅವರ ಹೆಂಡತಿಯನ್ನು ಖಾಲಾ. ಆ ಸಪ್ಪಳ ಅಕ್ಕನಿಗೆ ಹಿಡಿಸಿತು. “ಕೆಲಸದ ಸಪ್ಪಳ ಅದು, ಜಗಳದ್ದಲ್ಲ” ಎಂದಳು.

ನಮ್ಮ ಕಡೆ ಒಂದು ರೂಢಿ ಇದೆ. ನಿಜಾಮರ ಕಾಲದಿಂದ ಬಂದದ್ದು, ಶುಫಾ ಎನ್ನುತ್ತಾರೆ. ಮನೆ ಮಾರುವಾಗ ಗೋಡೆಗೆ ಗೋಡೆ ಹಚ್ಚಿದ ನೆರೆಯವರನ್ನು ಮೊದಲು ಕೇಳಬೇಕು. ಅವರು ಬೇಡ ಎಂದ ಮೇಲೆಯೇ ಹೊರಗಿನವರು ಕೊಳ್ಳಬೇಕು. ಹಿಂದೂಗಳಾಗಲಿ ಮುಸಲ್ಮಾನರಾಗಲಿ ಹಿರಿಯರೆಲ್ಲ ಅದನ್ನು ನಡೆಸುತ್ತಿದ್ದರು. ಕೇಳುವುದು ಮಾರುವವನ ಕೆಲಸ. ಆದರೆ ಈ ಗುಮಾಸ್ತನಿಗೆ ಗುಲ್ಬರ್ಗಾಕ್ಕೆ ವರ್ಗವಾಗಿತ್ತು, ಅವಸರ ಬಹಳವಿತ್ತು. “ಈಗ ಯಾರ್ ಕೇಳ್ತಾರ್ರಿ ಅದೆಲ್ಲಾ? ಬುಧವಾರ ರಿಜಿಸ್ಟ್ರಿ ಮಾಡ್ಸೂದಾದ್ರ ಮಾಡ್ಸ್ರಿ, ಇಲ್ಲಂದ್ರ ಬ್ಯಾರೆ ಗಿರಾಕಿ ಅದಾರ” ಎಂದ.

ಅಕ್ಕ ಒಪ್ಪಲಿಲ್ಲ. ಸೋಮವಾರ ಶಾಲೆಗೆ ಹೊರಡುವಾಗ ನನಗೆ ಹೇಳಿದಳು: “ಅವ ಕೇಳದಿದ್ರ ನಾವ ಕೇಳೋಣು. ನೀ ಹೋಗಿ ಚಾಚಾನ ಕೇಳಿ ಬಾ. ಅವರಿಗಿ ಬೇಕಿದ್ರ ನಮಗ ಬ್ಯಾಡ. ಬಾಜೂದವರ ಮನಸ್ಸು ಮುರದು ಆ ಮನ್ಯಾಗ ನಾ ನಿದ್ದಿ ಮಾಡೂದಿಲ್ಲ.”

ನಾನು ಹೋದೆ. ಚಾಚಾ ಇರಲಿಲ್ಲ. ಯಾರದೋ ಮದುವೆಯ ಬಟ್ಟೆ ತೆಗೆದುಕೊಂಡು ಹೈದರಾಬಾದಿಗೆ ಹೋಗಿದ್ದರು. ಬಾಗಿಲಿಗೆ ಬಂದವರು ಖಾಲಾ. ನನ್ನ ಮಾತು ಕೇಳಿ ಅವರ ಮುಖ ಅರಳಿದ್ದು ಇನ್ನೂ ನನ್ನ ಕಣ್ಣಮುಂದಿದೆ.

“ಅಯ್ಯ, ಮಾರಾಕತ್ತಾರೇನು? ನಮಗ ಒಂದ್ ಮಾತ್ ಹೇಳಿಲ್ಲ ನೋಡ್ರಿ ಆ ಮನಷ್ಯಾ! ನಮ್ಮ ಮಗಳ ಗಂಡಗ ಇಲ್ಲೇ ನೌಕರಿ ಆಗೂದದ. ಆ ಮನಿ ಸಿಕ್ಕರ ಮಗಳು ಕಣ್ಣಮುಂದ ಇರ್ತಾಳಂತ ವರ್ಷದಿಂದ ಮಾತಾಡಾಕತ್ತೇವಿ. ಅವರು ಜುಮ್ಮಾಕ್ಕ ಬರ್ತಾರ. ಶುಕ್ರವಾರದ ತನಕ ತಡೀರಿ. ನಿಮ್ಮಕ್ಕಗ ಹೇಳ್ರಿ, ಕೇಳಿದ್ದು ಭಾಳ ಛಲೋ ಆತಂತ.”

ಆಯಿತು ಎಂದು ಹೊರಬಿದ್ದೆ. ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಕೂತು ಎರಡು ಚಹಾ ಕುಡಿದೆ. ಫರಸಿಯ ಮೇಲೆ ಕಣ್ಣು ಮುಚ್ಚಿ ಕೂತಿದ್ದ ಅಕ್ಕನೇ ಮನಸ್ಸಿಗೆ ಬರುತ್ತಿದ್ದಳು. ಇವತ್ತಿಗೂ ಆ ನೆನಪನ್ನೇ ಮುಂದೆ ಮಾಡಿಕೊಂಡು ನನ್ನನ್ನು ಸಮಾಧಾನ ಮಾಡಿಕೊಳ್ಳಲು ನೋಡುತ್ತೇನೆ. ಆದರೆ ನಿಜವೆಂದರೆ ನನಗೂ ವಾಡೆ ಸಾಕಾಗಿತ್ತು, ದಿನದ ಬಸ್ಸು ಸಾಕಾಗಿತ್ತು. ನನಗೆ ಹೆಣ್ಣು ಕೊಡಲು ಬಂದವರು “ಸ್ವಂತ ಮನಿ ಅದ ಏನು?” ಎಂದು ಕೇಳಿ ಹೋಗಿದ್ದರು. ಆ ಮನೆ ನಮಗೆ ಸಿಗುವುದಿಲ್ಲ ಎಂದು ಅಕ್ಕನ ಮುಂದೆ ಹೋಗಿ ಹೇಳುವ ಧೈರ್ಯವೂ ನನಗಿರಲಿಲ್ಲ.

ಸಂಜೆ ಅಕ್ಕ ಕೇಳಿದಳು: “ಯಾರ್ ಇದ್ರು? ಏನಂದ್ರು?”

“ಇಬ್ರೂ ಇದ್ರು. ನಮಗ ಬ್ಯಾಡ ಅಂದ್ರು.”

“ಮನಸ್ಸಿನಿಂದ ಅಂದ್ರು?”

“ಅಕ್ಕೋರು ಬಾಜೂಕ ಬರ್ತಾರಂದ್ರ ನಮ್ಮ ನಸೀಬು ಅಂದ್ರು ಚಾಚಾ.”

ಹೌದು ಎಂದರೆ ಸಾಕಿತ್ತು, ನಾನೇ ಆ ಮಾತು ಸೇರಿಸಿದೆ. ಅದನ್ನು ಕೇಳಿ ಅವಳಿಗೆ ಆದ ಸಂತೋಷ ಮನೆ ಸಿಕ್ಕಿದ್ದಕ್ಕಿಂತ ಹೆಚ್ಚಿನದು. ಶಾಲೆಯಲ್ಲಿ, ವಾಡೆಯಲ್ಲಿ, ಸಿಕ್ಕವರಿಗೆಲ್ಲ ಹೇಳಿದಳು. ಬುಧವಾರ ರಿಜಿಸ್ಟ್ರಿ ಆಯಿತು. ಕಾಗದ ಅವಳ ಹೆಸರಿನಲ್ಲಿ, ಕೆಳಗೆ ಕನ್ನಡದಲ್ಲಿ ಅವಳ ದುಂಡನೆಯ ಸಹಿ. ಹೆಬ್ಬೆಟ್ಟಿನ ಮಸಿ ಹಿಡಿದು ಬಂದ ಜವಾನ ಆ ಸಹಿ ನೋಡಿ ಮಸಿಯನ್ನು ಹಿಂದಕ್ಕೆ ಒಯ್ದ.

ಭಾನುವಾರ ಅಡತಿಯ ಲಾರಿಯಲ್ಲಿ ಸಾಮಾನು ತಂದೆವು. ಅಕ್ಕ ಮೊದಲು ಮಾಡಿದ ಅಡುಗೆ ಹೋಳಿಗೆ. ಡಬ್ಬಿಯಲ್ಲಿ ಹಾಕಿ, ತುಪ್ಪ ಸುರಿದು ತಾನೇ ಪಕ್ಕದ ಮನೆಗೆ ಒಯ್ದಳು. ಮರುದಿನ ಡಬ್ಬಿ ನಮ್ಮ ಕಟ್ಟೆಯ ಮೇಲಿತ್ತು. ಚೆನ್ನಾಗಿ ತೊಳೆದಿತ್ತು, ಖಾಲಿಯಿತ್ತು. ನಮ್ಮಲ್ಲಿ ಯಾರೂ ಪಾತ್ರೆಯನ್ನು ಖಾಲಿ ಮರಳಿಸುವುದಿಲ್ಲ. ಏನೂ ಇಲ್ಲದಿದ್ದರೆ ನಾಲ್ಕು ಹರಳು ಸಕ್ಕರೆಯಾದರೂ ಹಾಕುತ್ತಾರೆ. ಅಕ್ಕ ಡಬ್ಬಿಯ ಮುಚ್ಚಳ ತೆಗೆದು ಒಳಗೆ ನೋಡಿದಳು. ಮತ್ತೆ ಮುಚ್ಚಿದಳು.

“ಮರತಿರಬೇಕು” ಎಂದಳು.

ಅವರು ಮರೆತಿರಲಿಲ್ಲ. ತಮಗೆ ಬೇಕೆಂದು ತಿಳಿದೂ ಶುಕ್ರವಾರದವರೆಗೆ ಕಾಯದೆ ಬುಧವಾರವೇ ಕೊಂಡವಳು ಎಂದು ಅಕ್ಕನನ್ನು ತಿಳಿದಿದ್ದರು. ಆದರೂ ಜಗಳಕ್ಕೆ ಬರಲಿಲ್ಲ, ಕೋರ್ಟಿಗೆ ಹೋಗಲಿಲ್ಲ. ಒಂಟಿ ಹೆಣ್ಣುಮಗಳ ಮೇಲೆ ದಾವೆ ಹೂಡುವುದು ಚಾಚಾನ ಮರ್ಯಾದೆಗೆ ಒಪ್ಪಲಿಲ್ಲ ಎಂದು ನನಗೆ ಆಮೇಲೆ ತಿಳಿಯಿತು. ಎದುರಿಗೆ ಬಂದರೆ ಸಲಾಮು ಹೇಳುತ್ತಿದ್ದರು. ಈದಿನ ದಿನ ಓಣಿಯ ಎಲ್ಲ ಮನೆಗೂ ಶೀರ್‌ಖುರ್ಮಾ ಕಳಿಸುತ್ತಿದ್ದರು, ನಮ್ಮ ಬಾಗಿಲು ಬಿಟ್ಟು. ಖಾಲಾ ಬಾವಿಯ ಆಚೆ ಬದಿಯಲ್ಲಿ ನೀರು ಸೇದುವಾಗ ಅಕ್ಕ ಈಚೆಯಿಂದ “ಆರಾಮೇನ್ರಿ ಖಾಲಾ?” ಎಂದರೆ “ಆರಾಮ್ರಿ ಅಕ್ಕೋರೆ” ಎಂಬಷ್ಟೇ ಉತ್ತರ. ಅಕ್ಕನಿಗೆ ಬೇಕಾದದ್ದು ಶಾಂತವಾದ ಮನೆ. ನಾನು ತಂದುಕೊಟ್ಟದ್ದು ಈ ಬಗೆಯ ಶಾಂತಿ.

ಆ ಓಣಿಯಲ್ಲಿ ಅಕ್ಕ ಬದುಕಿದ ರೀತಿಯನ್ನು ನಾನು ಹೇಳಲೇಬೇಕು. ಭಾನುವಾರ ನಮ್ಮ ಕಟ್ಟೆಯ ಮೇಲೆ ಓಣಿಯ ಹೆಂಗಸರಿಗೆ ಓದು ಬರಹ ಕಲಿಸಿದಳು. ನನಗೆ ಕಲಿಸಿದ ಹಾಗೆಯೇ, ಮೊದಲು ಮಣ್ಣಿನಲ್ಲಿ ಕಡ್ಡಿಯಿಂದ. ಗಂಡನ ಪತ್ರವನ್ನು ಪರರಿಂದ ಓದಿಸಿಕೊಳ್ಳುತ್ತಿದ್ದ ಒಬ್ಬ ಮಿಲಿಟರಿಯವನ ಹೆಂಡತಿ ಆರು ತಿಂಗಳಲ್ಲಿ ತಾನೇ ಬರೆದು ಹಾಕಿದಳು. ಮಳೆಗಾಲದಲ್ಲಿ ಮೋರಿ ಕಟ್ಟಿದರೆ ಮೊದಲು ಸಲಿಕೆ ಹಿಡಿಯುತ್ತಿದ್ದವಳು ಅಕ್ಕ; ಅದನ್ನು ನೋಡಿ ಗಂಡಸರು ನಾಚಿಕೊಂಡು ಬರುತ್ತಿದ್ದರು. ರಜೆಯ ಮಧ್ಯಾಹ್ನ ಚಾಚಾನ ಯಂತ್ರ ನಿಂತಿದ್ದರೆ, ಅವರ ವಿಶ್ರಾಂತಿ ಮುಗಿದ ಮೇಲೆಯೇ ತನ್ನ ಮನೆಯ ಒಳಕಲ್ಲಿನಲ್ಲಿ ರುಬ್ಬುತ್ತಿದ್ದಳು. ಬಾವಿಯಲ್ಲಿ ನೀರು ತಳ ಕಂಡ ಬೇಸಿಗೆಯಲ್ಲಿ ಮೊದಲ ನಾಲ್ಕು ಕೊಡ ಆಚೆಯವರು ತುಂಬಿಕೊಳ್ಳಲಿ ಎಂದು ಹಗ್ಗ ಹಿಡಿದು ಕಾಯುತ್ತಿದ್ದಳು. ಯಾರೂ ಕಾಯಲು ಹೇಳಿರಲಿಲ್ಲ. ಪ್ರತಿ ದೀಪಾವಳಿಗೆ ಡಬ್ಬಿ ಕಳಿಸಿದಳು. ಪ್ರತಿ ಸಲ ಅದು ತೊಳೆದು ಖಾಲಿಯಾಗಿ ಬಂತು. ಅವಳು ಕಳಿಸುವುದನ್ನು ಬಿಡಲಿಲ್ಲ.

ಓಣಿಯ ಒಬ್ಬ ಹೆಂಗಸು ಒಮ್ಮೆ ಅವಳಿಗೆ ಹೇಳಿದಳು: “ಹೋಗ್ಲಿ ಬಿಡ್ರಿ ಅಕ್ಕೋರೆ, ಅವರ ಜಾತೀನೇ ಹಂತಾದು. ನಮ್ಮವರ ಜೋಡಿ ಕೂಡಂಗಿಲ್ಲ.”

ಅಕ್ಕನಿಗೆ ಸಿಟ್ಟು ಬಂದದ್ದನ್ನು ನಾನು ಕಂಡ ಕೆಲವೇ ಸಲಗಳಲ್ಲಿ ಅದೊಂದು. “ಜಾತಿ ಮಾತ್ ತೆಗೀಬ್ಯಾಡ್ರಿ. ಕಲ್ಯಾಣದಾಗ ನಮ್ಮವ್ವ ಸತ್ತಾಗ ಮೂರ್ ದಿನ ನಮಗ ಅನ್ನ ಹಾಕಿದವರು ಯಾರು? ನನ್ನ ಕಡೀಂದೇ ಏನೋ ತಪ್ಪಾಗೇದ. ಅದು ಏನಂತ ನನಗ ತಿಳಿವಲ್ದು, ಅಷ್ಟೇ.”

ನಾನು ಅಲ್ಲೇ ಕೂತಿದ್ದೆ. ಆ ಹೆಂಗಸು ನನ್ನ ಕಡೆ ತಿರುಗಿ “ಏನಂತೀರಿ ಅಣ್ಣಾರೆ?” ಎಂದಳು. “ಇರಬಹುದು” ಎಂದೆ. ಸುಳ್ಳಿಗಿಂತ ಆ ಒಂದು ಮಾತು ನನ್ನನ್ನು ಹೆಚ್ಚು ಸುಟ್ಟಿದೆ. ನನ್ನ ತಪ್ಪನ್ನು ಒಂದು ಜನದ ಮೇಲೆ ಹೊರಿಸಿ ಸುಮ್ಮನೆ ಕೂತೆ.

ಅಕ್ಕ ವರ್ಷಕ್ಕೆ ಒಂದೆರಡು ಸಲವಾದರೂ ಕೇಳುತ್ತಿದ್ದಳು: “ತಮ್ಮಾ, ಆವತ್ತು ಚಾಚಾ ಖರೇನ ಏನಂದ್ರೋ? ಮಾರಿ ಹ್ಯಾಂಗಿತ್ತು?” ನಾನು ಅದನ್ನೇ ಹೇಳುತ್ತಿದ್ದೆ. ಹೇಳಿ ಹೇಳಿ ಅದಕ್ಕೆ ಕೈಕಾಲು ಮೂಡಿದವು. ಚಾಚಾನ ಕೈಯಲ್ಲಿ ಕತ್ತರಿ ಇತ್ತು, ಖಾಲಾ ಕುಡಿಯಲು ನೀರು ಕೊಟ್ಟರು, ಹೀಗೆ. ನಡುವೆ ನನ್ನ ಮದುವೆಯಾಯಿತು. ಸ್ವಂತ ಮನೆ ಇದೆ ಎಂದೇ ಹೆಣ್ಣು ಕೊಟ್ಟರು. ಹೆಂಡತಿಗೂ ನಾನು ಹೇಳಲಿಲ್ಲ.

ಹನ್ನೆರಡು ವರ್ಷ ಕಳೆದ ಮೇಲೆ ಒಂದು ಬೆಳಿಗ್ಗೆ ನಮ್ಮ ಗೇಟಿನ ಚಿಲಕ ಸಪ್ಪಳವಾಯಿತು. ಖಾಲಾ ಬಂದಿದ್ದರು. ಅಲ್ಲಿಯವರೆಗೆ ಅವರು ಒಮ್ಮೆಯೂ ನಮ್ಮ ಅಂಗಳಕ್ಕೆ ಕಾಲಿಟ್ಟಿರಲಿಲ್ಲ. ಅಕ್ಕ ಓಡಿಬಂದು ಚಾಪೆ ಹಾಸಿದಳು. ಖಾಲಾ ಕೂಡಲಿಲ್ಲ.

“ಅವರ ಕಣ್ಣು ಸೂಜಿ ಹಿಡಿವಲ್ಲವು, ಅಕ್ಕೋರೆ. ನಾವು ಕಲ್ಯಾಣಕ್ಕ ಮಗಳ ಕಡೀಗಿ ಹೊಂಟೇವಿ. ಮನಿ ಮಾರೂದದ. ನೀವು ಬಾಜೂದವರು. ನಿಮಗ ಬೇಕೇನಂತ ಕೇಳಾಕ ಬಂದೇನಿ.” ಮತ್ತೆ ಹೇಳಿದರು: “ನೀವು ನಡಸದಿದ್ರೂ ನಾವು ರಿವಾಜು ನಡಸ್ತೇವ್ರಿ.”

ಅಕ್ಕನಿಗೆ ತಿಳಿಯಲಿಲ್ಲ. “ನಾವೂ ಕೇಳಿದ್ವಲ್ರಿ ಖಾಲಾ. ತಮ್ಮನ್ನ ಕಳಿಸಿದ್ದೆ. ನೀವ ಬ್ಯಾಡ ಅಂದ್ರಿ.”

“ಬ್ಯಾಡ ಅಂದ್ನೇನು ನಾ? ಶುಕ್ರವಾರದ ತನಕ ತಡೀರಿ ಅಂತ ಕೈಮುಗದಂಗ ಹೇಳಿದ್ದೆ! ಇಲ್ಲೇ ಅದಾನಲ್ಲ, ಅವನ್ನೇ ಕೇಳ್ರಿ.”

ನಾನು ಬಾಗಿಲಲ್ಲಿ ನಿಂತಿದ್ದೆ. ಕೆಲಸಕ್ಕೆ ಹೊರಟಿದ್ದೆ, ಕೈಯಲ್ಲಿ ಊಟದ ಡಬ್ಬಿ ಇತ್ತು. ಅಕ್ಕ ನನ್ನ ಮುಖ ನೋಡಿದಳು. ಕೇಳುವ ಅಗತ್ಯ ಬರಲಿಲ್ಲ. ಅವಳು ಕಣ್ಣು ತಿರುಗಿಸಿ ಖಾಲಾನ ಎರಡೂ ಕೈ ಹಿಡಿದಳು.

“ತಪ್ಪು ನಮ್ಮ ಮನೀದು ಖಾಲಾ. ಹನ್ನೆರಡು ವರ್ಷ ತಪ್ಪು ನಮ್ಮದೇ” ಎಂದಳು. ತಮ್ಮನದು ಎನ್ನಲಿಲ್ಲ. ಆಮೇಲೆ ಹೇಳಿದಳು: “ಈ ಮನಿ ನಿಮ್ಮ ಮಗಳಿಗಿ ಬಿಟ್ ಕೊಡ್ತೇನ್ರಿ. ನಾ ತಗೊಂಡ ರೊಕ್ಕಕ್ಕೇ. ಇವತ್ತೇ ಬೇಕಂದ್ರ ಇವತ್ತೇ.”

ಅದು ಬಾಯಿಮಾತಲ್ಲ. ಕೊಡಿ ಎಂದಿದ್ದರೆ ಅವಳು ಸಂಜೆಯೊಳಗೆ ಪೆಟ್ಟಿಗೆ ಕಟ್ಟುತ್ತಿದ್ದಳು. ಖಾಲಾ ಸೆರಗಿನಿಂದ ಕಣ್ಣು ಒರೆಸಿಕೊಂಡರು.

“ಮಗಳು ಅಲ್ಲೇ ಕಟ್ಟಿಸ್ಯಾಳವ್ವ. ಮಕ್ಕಳು ಅಲ್ಲೇ ಸಾಲೀಗಿ ಹೋಗ್ತಾವ. ಈಗ ಈ ಮನಿ ತಗೊಂಡು ಏನ್ ಮಾಡ್ತಾಳ?” ಎಂದು ಚಾಪೆಯ ಮೇಲೆ ಕೂತರು. “ಒಂದ್ ಗುಟುಕು ಚಹಾ ಮಾಡು” ಎಂದರು. ಅಕ್ಕೋರೆ ಎನ್ನಲಿಲ್ಲ, ಬಹುವಚನವೂ ಇರಲಿಲ್ಲ. ಅಕ್ಕ ಒಳಗೆ ಹೋಗಿ ಒಲೆಯ ಮುಂದೆ ಅತ್ತಳು.

ಆ ಸಂಜೆ ಅಕ್ಕ ನನಗೆ ಬೈಯಲಿಲ್ಲ. “ಮನಿ ಬೇಕಂತ ಸುಳ್ಳು ಹೇಳಿದಿ, ಅದು ತಿಳೀತದ. ನಾ ಕೇಳಿದಾಗೆಲ್ಲಾ ಯಾಕ ಸುಮ್ಮನಿದ್ದಿ? ನನ್ನ ಮ್ಯಾಲ ನಾನ ತಪ್ಪು ಹುಡುಕ್ಕೋತ ಕೂತಿದ್ದು ನಿನಗ ಕಾಣ್ತಿದ್ದಿಲ್ಲೇನು?” ಎಂದಷ್ಟೇ ಕೇಳಿದಳು. ಕಾಣುತ್ತಿತ್ತು. ಹಾಗೆಂದು ಹೇಳಿದೆ. “ಚಾಚಾನ ಮುಂದ ಹೋಗಿ ಹೇಳು” ಎಂದಳು.

ಹೋದೆ. ಚಾಚಾ ಯಂತ್ರದ ಮುಂದೆ ಸುಮ್ಮನೆ ಕೂತಿದ್ದರು. ಎಲ್ಲ ಹೇಳಿ ಮುಗಿಸಿದೆ.

“ನೀನೂ ಹೊಲಿಯೋವನೇ ಅಲ್ಲೇನು? ಚೀಲಾ?”

“ಹೌದ್ರಿ ಚಾಚಾ.”

“ಅದಕ್ಕೇ ಇಷ್ಟ್ ಗಟ್ಟಿ ಬಾಯಿ ಹೊಲಕೊಂಡಿದ್ದಿ.” ಅವರು ನಗಲಿಲ್ಲ. “ಕೇಳಿಲ್ಲಿ. ನಿಮ್ಮಕ್ಕ ಮಾತು ಉಳಸ್ಕೊಳ್ದಾಕಿ ಅಂತ ನಾ ನಾಕ್ ಮಂದೀಗಿ ಹೇಳೀನಿ. ಸುಳ್ಳು ಹೇಳಿಸಿದಿ ನನ್ನ ಬಾಯಾಗ. ಅವರಾಗ ಇಬ್ರು ಮಣ್ಣಾಗ್ಯಾರ. ಉಳದ ಇಬ್ರ ಮನಿಗಿ ನೀನೇ ಹೋಗಿ ಹೇಳಿ ಬಾ. ಆಮ್ಯಾಲ ನನ್ನ ಕಡೆ ಬಾ.”

ಒಬ್ಬರು ಬಜಾರಿನಲ್ಲೇ ಇದ್ದ ಅತ್ತರಿನ ವ್ಯಾಪಾರಿ. ಇನ್ನೊಬ್ಬರು ಘಾಟಬೋರಾಳದಲ್ಲಿ ಹೊಲ ಮಾಡಿಕೊಂಡಿದ್ದ ಮುದುಕರು. ಅವರಿಗೆ ಕಿವಿ ಕೇಳುತ್ತಿರಲಿಲ್ಲ. ಹೊಲದ ಬದುವಿನ ಮೇಲೆ ನಿಂತು ನನ್ನ ತಪ್ಪನ್ನು ಮೂರು ಸಲ ಕೂಗಿ ಹೇಳಬೇಕಾಯಿತು. ಕಳೆ ತೆಗೆಯುತ್ತಿದ್ದ ಹೆಣ್ಣಾಳುಗಳೆಲ್ಲ ಕೇಳಿಸಿಕೊಂಡರು. ಕೊನೆಗೆ ಮುದುಕರು “ಹಂಗಾದ್ರ ಅಕ್ಕೋರು ಖರೇ ಮನಷ್ಯಾಳು” ಎಂದರು. ಅಷ್ಟು ಸಾಕಾಗಿತ್ತು. ಇಬ್ಬರಿಗೂ ಹೇಳಿ ಬಂದೆನೆಂದು ಚಾಚಾನಿಗೆ ತಿಳಿಸಿದೆ; “ಆತು” ಎಂದರು.

ಕಲ್ಯಾಣಕ್ಕೆ ಹೋಗಿ ಖಾಲಾನ ಮಗಳಿಗೂ ಹೇಳಿದೆ. ಅದನ್ನು ಯಾರೂ ಹೇಳಿ ಕಳಿಸಿರಲಿಲ್ಲ. ಆಕೆ ರೊಟ್ಟಿ ಬಡಿಯುತ್ತಿದ್ದಳು. “ನಮ್ಮವ್ವ ಇಲ್ಲಿಗಿ ಬಂದಾಗೆಲ್ಲಾ ನಿಮ್ಮಕ್ಕಗ ಬೈದದ್ದೇ ಬೈದದ್ದು. ಅವೆಲ್ಲಾ ನಿಮಗ ಸೇರಬೇಕಾದ್ದು. ತಗೊಂಡ್ ಹೋಗ್ರಿ, ನಮ್ಮನ್ಯಾಗ ಜಾಗಾ ಇಲ್ಲ” ಎಂದಳು. ಒಲೆಯಿಂದ ತಲೆ ಎತ್ತಲಿಲ್ಲ. ನಾನು ಎದ್ದು ಬಂದೆ.

ಚಾಚಾನ ಮನೆ ತನಗೆ ಬೇಡವೆಂದು ಅಕ್ಕ ಹೇಳಿದಳು; ಅದು ಮಾರಾಟವಾಗಲು ನಾಲ್ಕು ತಿಂಗಳು ಹಿಡಿಯಿತು. ರಾಜೇಶ್ವರ ಊರಿನ ಒಬ್ಬ ಕಂಪೌಂಡರ್ ಕೊಂಡರು. ಆ ನಾಲ್ಕು ತಿಂಗಳು ಅಕ್ಕ ಮತ್ತು ಖಾಲಾ ಮಾತಾಡಿದ ಮಾತಿಗೆ ಲೆಕ್ಕವಿಲ್ಲ. ಬಾವಿಯ ಬಳಿ ನೀರು ತುಂಬಿದ ಕೊಡ ಹಾಗೇ ಇರುತ್ತಿತ್ತು, ಮಾತು ಮುಗಿಯುತ್ತಿರಲಿಲ್ಲ. ಯಾರ ಮದುವೆಯಲ್ಲಿ ಯಾರು ಮುನಿಸಿಕೊಂಡರು, ಬದನೆಕಾಯಿ ತುಂಬುವಾಗ ಎಳ್ಳು ಎಷ್ಟು ಹಾಕಬೇಕು, ಸತ್ತ ಗಂಡನ ಮುಖ ಅಕ್ಕನಿಗೆ ಈಗ ಯಾಕೆ ನೆನಪಾಗುತ್ತಿಲ್ಲ. ಈ ಕೊನೆಯ ಮಾತನ್ನು ಅವಳು ನನಗೆ ಒಮ್ಮೆಯೂ ಹೇಳಿರಲಿಲ್ಲ. ಒಳಗೆ ಕೂತು ಕೇಳಿಸಿಕೊಳ್ಳುವಾಗ ನನಗೆ ಅರ್ಥವಾಯಿತು. ನಾನು ಆ ಮಗಳಿಂದ ಒಂದು ಮನೆ ಕಸಿದದ್ದು ಹೌದು. ಆದರೆ ಅಕ್ಕನಿಂದ ಕಸಿದದ್ದು ಹನ್ನೆರಡು ವರ್ಷ ಹೀಗೆ ಮಾತಾಡಬಹುದಾಗಿದ್ದ ಒಬ್ಬ ಗೆಳತಿಯನ್ನು.

ಈಗ ಅಕ್ಕ ತಿಂಗಳಿಗೊಂದು ಭಾನುವಾರ ಕಲ್ಯಾಣಕ್ಕೆ ಹೋಗುತ್ತಾಳೆ, ಖಾಲಾನನ್ನು ನೋಡಲು. ಮೊಣಕಾಲು ನೋವು, ಆದರೂ ತಪ್ಪಿಸುವುದಿಲ್ಲ. ನಾನು ಅವಳ ಚೀಲ ಹಿಡಿದು ಬಸ್ ಸ್ಟ್ಯಾಂಡಿಗೆ ಹೋಗುತ್ತೇನೆ. ಕಿಟಕಿಯ ಬದಿಯ ಸೀಟು ಹಿಡಿದು ಕೂರಿಸಿ ಕೆಳಗಿಳಿಯುತ್ತೇನೆ. ನೀನೂ ಬಾ ಎಂದು ಅವಳು ಇನ್ನೂ ಕರೆದಿಲ್ಲ. ನಾನೂ ಕೇಳಿಲ್ಲ. ಸಂಜೆಯ ಬಸ್ಸಿಗೆ ಮತ್ತೆ ಹೋಗಿ ನಿಲ್ಲುತ್ತೇನೆ. ಅವಳು ಇಳಿದು ಚೀಲವನ್ನು ನನ್ನ ಕೈಗೆ ಕೊಡುತ್ತಾಳೆ, ಇಬ್ಬರೂ ಮನೆಗೆ ನಡೆಯುತ್ತೇವೆ.